ನೂರಕ್ಕೆ 13: ಉಗಾಂಡದ ಶಾಲಾ ಅನುದಾನದ ಜಾಡು ಹಿಡಿದ ಪ್ರಕರಣ

1990ರ ದಶಕದ ನಡುವಿನಲ್ಲಿ ಉಗಾಂಡ ಸರ್ಕಾರದ ಮುಂದೆ ಒಂದಕ್ಕೊಂದು ತಾಳೆಯಾಗದ ಎರಡು ಲೆಕ್ಕಗಳಿದ್ದವು. 1986ರಲ್ಲಿ ಯೊವೆರಿ ಮುಸೆವೆನಿ ಅಧಿಕಾರ ಹಿಡಿದ ಮೇಲೆ, ವರ್ಷಗಟ್ಟಲೆ ನಡೆದ ಕಾದಾಟದಲ್ಲಿ ಕುಸಿದುಹೋಗಿದ್ದ ಪ್ರಾಥಮಿಕ ಶಿಕ್ಷಣಕ್ಕೆ ಕೊಡುವ ಹಣ ಏರುತ್ತಲೇ ಬಂದಿತ್ತು. ಆದರೆ ಸರ್ಕಾರದ್ದೇ ಅಂಕಿಅಂಶಗಳಲ್ಲಿ ಶಾಲೆಗೆ ದಾಖಲಾದ ಮಕ್ಕಳ ಸಂಖ್ಯೆ ಇದ್ದಲ್ಲೇ ನಿಂತಿತ್ತು. ಒಂದೋ ದುಡ್ಡು ಶಾಲೆಗೆ ಹೋಗುತ್ತಿಲ್ಲ, ಇಲ್ಲವೇ ಮಕ್ಕಳ ಲೆಕ್ಕವೇ ಸರಿಯಿಲ್ಲ. ಹೋಗಿ ನೋಡಿದಾಗ ಎರಡೂ ನಿಜವೆಂದು ತಿಳಿಯಿತು.

ಹೋಗಿ ನೋಡಿದ್ದು 1996ರಲ್ಲಿ. 250 ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ಆಯ್ದುಕೊಂಡು, 1991ರಿಂದ 1995ರವರೆಗಿನ ಐದು ವರ್ಷಗಳ ಲೆಕ್ಕವನ್ನು ಶಾಲೆಯ ಬಾಗಿಲಿನಿಂದ ಹಿಂದಕ್ಕೆ, ಅಂದರೆ ಖಜಾನೆಯ ಕಡೆಗೆ, ಜಾಡು ಹಿಡಿದು ನೋಡಲಾಯಿತು. ವಿಶ್ವಬ್ಯಾಂಕಿನ ಇಮ್ಯಾನ್ಯುಯೆಲ್ ಆಬ್ಲೊ ಮತ್ತು ರಿತ್ವಾ ರೈನಿಕ್ಕಾ ಇದರ ಮೊದಲ ವರದಿ ಬರೆದರು. ಮುಂದೆ ರೈನಿಕ್ಕಾ ಮತ್ತು ಅರ್ಥಶಾಸ್ತ್ರಜ್ಞ ಯಾಕೋಬ್ ಸ್ವೆನ್ಸನ್ ಇದೇ ದತ್ತಾಂಶವನ್ನು ಇನ್ನಷ್ಟು ಬಗೆದು ನೋಡಿದರು. ಶಾಲೆಗಳಿಗೆ ಸಂಬಳೇತರ ಖರ್ಚಿಗೆಂದು ಕೇಂದ್ರ ಕೊಟ್ಟ ತಲಾವಾರು ಅನುದಾನದಲ್ಲಿ ಶಾಲೆಗೆ ತಲುಪಿದ್ದು ಸರಾಸರಿ ಶೇ 13. ಇದು ಸರಾಸರಿಯಾದ್ದರಿಂದ ಸ್ವಲ್ಪ ಮೋಸದ ಸಂಖ್ಯೆ ಎನ್ನಬೇಕು. ಎಲ್ಲ ಶಾಲೆಗೂ ಹದಿಮೂರು ಹದಿಮೂರು ಸಿಕ್ಕಿತೆಂದು ಅದರರ್ಥವಲ್ಲ. ಹೆಚ್ಚಿನ ಶಾಲೆಗಳಿಗೆ ಬಿಡಿಗಾಸೂ ಬಂದಿರಲಿಲ್ಲ. ಕೆಲವು ಶಾಲೆಗಳು ಮಾತ್ರ ಒಂದಿಷ್ಟು ಪಡೆದಿದ್ದವು.

ಹಣ ಹೋಗುತ್ತಿದ್ದ ದಾರಿ

ಉಗಾಂಡದಲ್ಲಿ ಪ್ರಾಥಮಿಕ ಶಾಲೆ ಏಳು ತರಗತಿಗಳದ್ದು. ಸರ್ಕಾರದ ಹಣ ಎರಡು ಬಗೆಯಲ್ಲಿ ಬರುತ್ತಿತ್ತು. ಒಂದು ಶಿಕ್ಷಕರ ಸಂಬಳ. ಇನ್ನೊಂದು ಪುಸ್ತಕ, ಸೀಮೆಸುಣ್ಣ, ದುರಸ್ತಿಯಂಥ ಖರ್ಚಿಗೆ ಮಕ್ಕಳ ತಲೆ ಎಣಿಸಿ ಕೊಡುವ ಅನುದಾನ. ಈ ಎರಡನೆಯದು ಕೇಂದ್ರದ ಖಜಾನೆಯಿಂದ ಜಿಲ್ಲಾಡಳಿತಕ್ಕೆ ಹೋಗಿ, ಜಿಲ್ಲೆ ತನ್ನ ವ್ಯಾಪ್ತಿಯ ಶಾಲೆಗಳಿಗೆ ಅದನ್ನು ನಗದಾಗಿಯೋ ಸಾಮಾನಾಗಿಯೋ ಹಂಚಬೇಕಿತ್ತು.

ಸಂಬಳದ ಹಣ ಇಷ್ಟೊಂದು ಸೋರಲಿಲ್ಲ. ಅಲ್ಲಿ ಬೋಗಸ್ ಶಿಕ್ಷಕರ ಹೆಸರಿನಲ್ಲಿ ಸಂಬಳ ಎತ್ತುವ ಬೇರೆ ರೋಗವಿತ್ತು, ನಿಜ. ಆದರೆ ಕೆಲಸ ಮಾಡುವ ಶಿಕ್ಷಕನಿಗೆ ತನ್ನ ತಿಂಗಳ ಸಂಬಳವೆಷ್ಟು ಎಂಬುದು ಬಾಯಿಪಾಠ. ಒಂದು ತಿಂಗಳು ಕಡಿಮೆಯಾದರೆ ಮರುದಿನವೇ ಕಚೇರಿಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಅನುದಾನಕ್ಕೆ ಹೀಗೆ ಬಂದು ನಿಲ್ಲುವವರಿರಲಿಲ್ಲ. ಮುಖ್ಯ ಶಿಕ್ಷಕರಲ್ಲಿ ಬಹಳ ಮಂದಿಗೆ ತಲೆಗೆ ಇಂತಿಷ್ಟು ಎಂಬ ದರವಿದೆ ಎಂಬುದೇ ತಿಳಿದಿರಲಿಲ್ಲ. ತಿಳಿದವರಿಗೂ ಈ ಕಂತು ಜಿಲ್ಲೆಗೆ ಬಂದಿದೆಯೋ ಇಲ್ಲವೋ ಎಂದು ಗೊತ್ತಾಗುವ ದಾರಿಯಿರಲಿಲ್ಲ. ಕೇಳಿದರೆ ‘ಮೇಲಿನಿಂದ ಇನ್ನೂ ಬಂದಿಲ್ಲ’ ಎಂಬ ಉತ್ತರ. ಅದು ಸುಳ್ಳೆಂದು ತೋರಿಸಬಲ್ಲ ಕಾಗದ ಕೇಳುವವನ ಕೈಯಲ್ಲಿಲ್ಲ. ಈ ಪ್ರಕರಣದ ತಿರುಳಿರುವುದು ಇಲ್ಲೇ.

ಜಿಲ್ಲೆಯಲ್ಲಿ ಹಣ ಏನಾಯಿತು? ಸಮೀಕ್ಷೆಗೆ ಇದಕ್ಕೆ ಪೂರ್ತಿ ಉತ್ತರ ಸಿಗಲಿಲ್ಲ, ಸಿಗದಿರಲು ಕಾರಣವೂ ಸಮೀಕ್ಷೆಯ ಫಲಿತಾಂಶದ ಭಾಗವೇ. ಜಿಲ್ಲೆಯ ಪುಸ್ತಕಗಳು ಅಸ್ತವ್ಯಸ್ತವಾಗಿದ್ದವು; ಬಂದದ್ದೆಷ್ಟು, ಶಾಲೆಗೆ ಕೊಟ್ಟದ್ದೆಷ್ಟು, ಬೇರೆ ಕೆಲಸಕ್ಕೆ ತಿರುಗಿಸಿದ್ದೆಷ್ಟು ಎಂದು ಬಿಡಿಸಿ ಹೇಳುವ ಸ್ಥಿತಿಯಲ್ಲಿರಲಿಲ್ಲ. ಸ್ಥಳೀಯ ಅಧಿಕಾರಿಗಳು ಮತ್ತು ರಾಜಕಾರಣಿಗಳ ಮಟ್ಟದಲ್ಲಿ ಹಣ ನಿಂತಿತು ಎಂಬಲ್ಲಿಗೆ ಜಾಡು ಮುಗಿಯಿತು.

ಸಮೀಕ್ಷೆ ನಡೆದದ್ದು ಹೇಗೆ, ಎಲ್ಲಿ ತಪ್ಪುತ್ತದೆ

ಈ ವಿಧಾನಕ್ಕೆ ಸಾರ್ವಜನಿಕ ವೆಚ್ಚದ ಜಾಡು ಸಮೀಕ್ಷೆ ಎಂದು ಹೆಸರು. ಉಗಾಂಡದ ನಂತರ ತಾಂಜಾನಿಯಾ, ಘಾನಾ, ಜಾಂಬಿಯಾ ಸೇರಿದಂತೆ ಹಲವು ದೇಶಗಳಲ್ಲಿ ಇದನ್ನು ಬಳಸಲಾಗಿದೆ. ಲೆಕ್ಕ ಪರಿಶೋಧನೆಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಪರಿಶೋಧಕ ಒಂದು ಕಚೇರಿಯ ವೋಚರ್ ಆ ಕಚೇರಿಯ ನಗದು ಪುಸ್ತಕಕ್ಕೆ ಹೊಂದುತ್ತದೆಯೇ ಎಂದು ನೋಡುತ್ತಾನೆ. ಎರಡೂ ಒಂದೇ ಕೈಯ ಬರಹವಾದ್ದರಿಂದ ಹೊಂದಿಸುವುದು ಕಷ್ಟದ ಕೆಲಸವಲ್ಲ. ಜಾಡು ಸಮೀಕ್ಷೆ ಕೊಟ್ಟವನ ಪುಸ್ತಕವನ್ನು ಪಡೆದವನ ಪುಸ್ತಕದ ಪಕ್ಕದಲ್ಲಿಟ್ಟು ನೋಡುತ್ತದೆ. ಇಬ್ಬರೂ ಒಂದಾಗದೆ ಸುಳ್ಳು ನಿಲ್ಲುವುದಿಲ್ಲ.

ಕೆಲಸ ಶುರುವಾಗುವುದು ನಿಯಮದಿಂದ. ದರವೆಷ್ಟು, ಯಾವ ತರಗತಿಗೆ, ಯಾವ ತಿಂಗಳ ದಾಖಲಾತಿಯ ಮೇಲೆ, ಎಷ್ಟು ಕಂತಿನಲ್ಲಿ ಎಂದು ಮೊದಲು ಕಾಗದದ ಮೇಲೆ ಗಟ್ಟಿ ಮಾಡಿಕೊಳ್ಳಬೇಕು. ಬಳಿಕ ಖಜಾನೆಯ ಬಿಡುಗಡೆ ಆದೇಶಗಳು ದಿನಾಂಕ ಸಹಿತ ಬೇಕು. ಅದಾದ ಮೇಲೆ ಜಿಲ್ಲೆಯ ಜಮಾ ಮತ್ತು ವಿತರಣೆ. ಕೊನೆಗೆ ಶಾಲೆಗೆ ಹೋಗಿ ನಗದು ಪುಸ್ತಕ, ರಸೀದಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ದಾಸ್ತಾನು ಪುಸ್ತಕ, ಹಾಜರಿ ಪುಸ್ತಕ ಇವಿಷ್ಟನ್ನೂ ತೆರೆಸಿ ನೋಡಬೇಕು. ಮುಖ್ಯ ಶಿಕ್ಷಕರ ನೆನಪನ್ನು ಕೇಳಿ ಬರೆದುಕೊಂಡರೆ ಆಗದು. ನಾಲ್ಕು ವರ್ಷ ಹಿಂದಿನ ಕಂತು ಯಾರಿಗೂ ನೆನಪಿರುವುದಿಲ್ಲ, ನೆನಪಿದೆ ಎಂದವರ ಉತ್ತರದಲ್ಲಿ ಅವರ ಅನುಕೂಲ ಬೆರೆತಿರುತ್ತದೆ.

ಎಡವುವ ಜಾಗಗಳು ಹಲವು. ಮೊದಲನೆಯದು ಕ್ಯಾಲೆಂಡರ್. ಉಗಾಂಡದ ಆರ್ಥಿಕ ವರ್ಷ ಜುಲೈಯಿಂದ ಜೂನ್‌ವರೆಗೆ; ಶಾಲಾ ವರ್ಷ ಫೆಬ್ರುವರಿಯಲ್ಲಿ ಶುರುವಾಗಿ ಮೂರು ಅವಧಿಗಳಲ್ಲಿ ನಡೆದು ವರ್ಷದ ಕೊನೆಗೆ ಮುಗಿಯುತ್ತದೆ. ಖಜಾನೆಯ ವರ್ಷವನ್ನು ಶಾಲೆಯ ವರ್ಷದ ಜೊತೆ ನೇರವಾಗಿ ಹೋಲಿಸಿದರೆ, ತಡವಾಗಿ ಬಂದ ಕಂತು ಕಾಣೆಯಾದ ಕಂತಿನಂತೆ ತೋರುತ್ತದೆ. ಹೀಗಾಗಿ ಎರಡನ್ನೂ ತಿಂಗಳಿಗೆ ಒಡೆದು, ಆಮೇಲೆ ಜೋಡಿಸಬೇಕು. ಎರಡನೆಯದು ಸಾಮಾನಿನ ರೂಪದಲ್ಲಿ ಬಂದದ್ದು. ಜಿಲ್ಲೆ ಹಣದ ಬದಲು ಪುಸ್ತಕದ ಕಟ್ಟನ್ನೋ ಸೀಮೆಸುಣ್ಣದ ಪೆಟ್ಟಿಗೆಯನ್ನೋ ಕಳಿಸಿದ್ದರೆ ಅದನ್ನು ಅಂದಿನ ಮಾರುಕಟ್ಟೆ ಬೆಲೆಗೆ ಲೆಕ್ಕ ಹಿಡಿಯಬೇಕು. ಜಿಲ್ಲೆ ತನ್ನ ಬಿಲ್ಲಿನಲ್ಲಿ ಬರೆದುಕೊಂಡ ಬೆಲೆಯನ್ನೇ ಒಪ್ಪಿದರೆ ಖರೀದಿಯಲ್ಲಿ ತಿಂದದ್ದು ‘ತಲುಪಿದ ಹಣ’ವಾಗಿ ತೋರುತ್ತದೆ, ಸಾಮಾನನ್ನು ಬಿಟ್ಟೇಬಿಟ್ಟರೆ ಸೋರಿಕೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ: ಯಾವುದರ ಮೇಲೆ ಶೇಕಡಾ? ನಿಯಮದ ಪ್ರಕಾರ ಬರಬೇಕಾದ ಮೊತ್ತದ ಮೇಲೋ, ಕೇಂದ್ರ ನಿಜಕ್ಕೂ ಬಿಡುಗಡೆ ಮಾಡಿದ ಮೊತ್ತದ ಮೇಲೋ? ಕೇಂದ್ರವೇ ಕಡಿಮೆ ಕೊಟ್ಟಿದ್ದರೆ ಅದು ಬಜೆಟ್ ಕಡಿತ. ಅದಕ್ಕೆ ಹೊಣೆ ಹಣಕಾಸು ಸಚಿವಾಲಯ. ಕೇಂದ್ರ ಕೊಟ್ಟೂ ಶಾಲೆಗೆ ಬಾರದಿದ್ದರೆ ಮಾತ್ರ ಜಿಲ್ಲೆಯನ್ನು ಕೇಳಬೇಕು. ಎರಡನ್ನೂ ಸೋರಿಕೆ ಎಂದು ಒಂದೇ ಹೆಸರಿನಿಂದ ಕರೆದರೆ ಇಬ್ಬರೂ ಒಬ್ಬರತ್ತ ಇನ್ನೊಬ್ಬರು ಬೆರಳು ತೋರಿಸಿ ತಪ್ಪಿಸಿಕೊಳ್ಳುತ್ತಾರೆ. ಉಗಾಂಡದಲ್ಲಿ ಕೇಂದ್ರದಿಂದ ಹಣ ಹೋದದ್ದಕ್ಕೆ ದಾಖಲೆಯಿತ್ತು. ಹಾಗಾಗಿ ಬೆರಳು ನಿಂತದ್ದು ಜಿಲ್ಲೆಯ ಮೇಲೆ.

ಇಷ್ಟೆಲ್ಲ ಮಾಡಲು ಸಾಧ್ಯವಾದದ್ದು ಒಂದು ಅನಿರೀಕ್ಷಿತ ಅನುಕೂಲದಿಂದ. ಜಿಲ್ಲಾ ಕಚೇರಿಯ ಲೆಕ್ಕ ಎಷ್ಟು ಕೆಟ್ಟಿತ್ತೋ ಶಾಲೆಯ ಲೆಕ್ಕ ಅಷ್ಟೇ ಚೊಕ್ಕಟವಾಗಿತ್ತು. ಆ ಕಾಲದಲ್ಲಿ ಶಾಲೆಗಳನ್ನು ನಡೆಸುತ್ತಿದ್ದುದು ಬಹುಮಟ್ಟಿಗೆ ಪೋಷಕರು ಪೋಷಕ–ಶಿಕ್ಷಕ ಸಂಘದ ಮೂಲಕ ಕೊಡುತ್ತಿದ್ದ ಶುಲ್ಕದಿಂದ. ಕೈಯಿಂದ ದುಡ್ಡು ಬಿಚ್ಚಿದವರು ಲೆಕ್ಕ ಕೇಳುತ್ತಿದ್ದರು, ಮುಖ್ಯ ಶಿಕ್ಷಕರು ಬರೆದಿಡುತ್ತಿದ್ದರು. ಮಕ್ಕಳ ಸಂಖ್ಯೆಯೂ ಹೀಗೆಯೇ ಹೊರಬಂತು: ಸರ್ಕಾರದ ಅಂಕಿಅಂಶ ಕದಲದೆ ನಿಂತಿದ್ದ ಅದೇ ಐದು ವರ್ಷಗಳಲ್ಲಿ ಶಾಲೆಗಳ ಪುಸ್ತಕದ ಪ್ರಕಾರ ದಾಖಲಾತಿ ಸುಮಾರು ಶೇ 60ರಷ್ಟು ಏರಿತ್ತು. ಅಂದರೆ ಸರ್ಕಾರದ ಹಣ ಬರದಿದ್ದರೂ ಪೋಷಕರು ಮಕ್ಕಳನ್ನು ಕಳಿಸುತ್ತಲೇ ಇದ್ದರು, ಖರ್ಚನ್ನು ತಾವೇ ಹೊರುತ್ತಿದ್ದರು.

ಯಾರಿಗೆ ಸಿಕ್ಕಿತು

ಸಿಕ್ಕಿದ ಅಲ್ಪಸ್ವಲ್ಪವೂ ನಿಯಮದ ಪ್ರಕಾರ ಸಿಕ್ಕಿರಲಿಲ್ಲ. ಹೆಚ್ಚು ಪಡೆದದ್ದು ದೊಡ್ಡ ಶಾಲೆಗಳು, ಅನುಕೂಲಸ್ಥ ಪೋಷಕರಿರುವ ಶಾಲೆಗಳು. ರೈನಿಕ್ಕಾ ಮತ್ತು ಸ್ವೆನ್ಸನ್ ಇದನ್ನು ಚೌಕಾಶಿಯೆಂದು ಓದುತ್ತಾರೆ: ಓಡಾಡಿ, ಒತ್ತಡ ಹಾಕಿ, ದೂರು ಕೊಡುವ ಶಕ್ತಿಯಿದ್ದ ಶಾಲೆ ತನ್ನ ಪಾಲಿನಲ್ಲೊಂದು ತುಣುಕನ್ನು ಬಿಡಿಸಿಕೊಂಡಿತು, ಆ ಶಕ್ತಿಯಿಲ್ಲದ್ದು ಸುಮ್ಮನಾಯಿತು. ಕಾಗದದ ಮೇಲೆ ತಲೆಗೆ ಸಮಾನವಾಗಿದ್ದ ಅನುದಾನ ಕೈಗೆ ಬರುವಾಗ ಉಳ್ಳವರ ಕಡೆಗೆ ವಾಲಿತ್ತು. ಕೋಷ್ಟಕದಲ್ಲಿ ಬಡ ಶಾಲೆಗೂ ಸಮಪಾಲು ತೋರಿಸುವ ಬಜೆಟ್ ಪುಸ್ತಕವನ್ನು ಓದಿ ‘ಹಂಚಿಕೆ ನ್ಯಾಯವಾಗಿದೆ’ ಎನ್ನುವವರು ಈ ಒಂದು ಅಂಶವನ್ನು ಮತ್ತೆ ಮತ್ತೆ ನೋಡಬೇಕು.

ಸರ್ಕಾರ ಮಾಡಿದ್ದೇನು

ಇಂಥ ವರದಿಗಳು ಸಾಮಾನ್ಯವಾಗಿ ಕಪಾಟು ಸೇರುತ್ತವೆ. ಇದು ಸೇರಲಿಲ್ಲ. ಆಗ ಹಣಕಾಸು ಸಚಿವಾಲಯದ ಆಡಳಿತದ ಚುಕ್ಕಾಣಿ ಹಿಡಿದಿದ್ದವರು ಇಮ್ಯಾನ್ಯುಯೆಲ್ ತುಮುಸೀಮೆ ಮುತೆಬಿಲೆ, ಮುಂದೆ ಉಗಾಂಡದ ಕೇಂದ್ರ ಬ್ಯಾಂಕಿನ ಗವರ್ನರ್ ಆದವರು. ಜಿಲ್ಲೆಗಳಿಗೆ ತಿಂಗಳು ತಿಂಗಳು ಕಳಿಸಿದ ಮೊತ್ತವನ್ನು ಕೇಂದ್ರ ಸರ್ಕಾರ ದಿನಪತ್ರಿಕೆಗಳಲ್ಲಿ, ಅವುಗಳ ಸ್ಥಳೀಯ ಭಾಷೆಯ ಆವೃತ್ತಿಗಳಲ್ಲಿ ಪ್ರಕಟಿಸತೊಡಗಿತು, ರೇಡಿಯೊದಲ್ಲೂ ಹೇಳಿಸಿತು. ತಮಗೆ ಬಂದ ಹಣವೆಷ್ಟೆಂದು ಶಾಲೆಗಳು ಸೂಚನಾ ಫಲಕದಲ್ಲಿ ಹಾಕಬೇಕೆಂದು ವಿಧಿಸಲಾಯಿತು. 1997ರ ಸ್ಥಳೀಯ ಸರ್ಕಾರಗಳ ಕಾಯ್ದೆಯಲ್ಲಿ ಲೆಕ್ಕ ಕೊಡುವ, ಮಾಹಿತಿ ಹಂಚುವ ಕಟ್ಟಳೆಗಳು ಸೇರಿದವು. ಜಿಲ್ಲೆಗಳು ಅನುದಾನವನ್ನು ಶಾಲೆಯ ಸ್ವಂತ ಬ್ಯಾಂಕ್ ಖಾತೆಗೇ ಕಟ್ಟಬೇಕಾಯಿತು, ಖರೀದಿಯ ಅಧಿಕಾರ ಶಾಲೆಗೆ ಇಳಿಯಿತು.

ಈ ಕೊನೆಯ ಎರಡು ಕ್ರಮಗಳ ಬಗ್ಗೆ ಕಡಿಮೆ ಮಾತಾಡುತ್ತಾರೆ. ನಮ್ಮ ಮಟ್ಟಿಗೆ ಅವೇ ಪತ್ರಿಕೆಯ ಅಂಕಿಗೆ ಹಲ್ಲು ಕೊಟ್ಟದ್ದು. ಹಣ ಖಾತೆಗೆ ಬಂದರೆ ಪಾಸ್‌ಬುಕ್ಕಿನಲ್ಲಿ ದಿನಾಂಕ ಬೀಳುತ್ತದೆ. ಪತ್ರಿಕೆಯಲ್ಲಿ ಜಿಲ್ಲೆಗೆ ಬಂದ ದಿನಾಂಕವಿರುತ್ತದೆ. ಈಗ ‘ಮೇಲಿನಿಂದ ಬಂದಿಲ್ಲ’ ಎಂಬ ಉತ್ತರವನ್ನು ಮುಖ್ಯ ಶಿಕ್ಷಕ ಪತ್ರಿಕೆಯ ತುಂಡು ತೋರಿಸಿ ಮುರಿಯಬಹುದು.

ಜೊತೆಗೇ ಇನ್ನೊಂದು ದೊಡ್ಡ ಬದಲಾವಣೆ ಬಂತು. 1997ರ ಜನವರಿಯಲ್ಲಿ ಸಾರ್ವತ್ರಿಕ ಪ್ರಾಥಮಿಕ ಶಿಕ್ಷಣ ಜಾರಿಗೆ ಬಂದು, ಮೊದಲಿಗೆ ಕುಟುಂಬವೊಂದಕ್ಕೆ ನಾಲ್ಕು ಮಕ್ಕಳವರೆಗೆ ಶುಲ್ಕ ಹೋಯಿತು. 30 ಲಕ್ಷದ ಆಸುಪಾಸಿನಲ್ಲಿದ್ದ ದಾಖಲಾತಿ ಒಂದೇ ವರ್ಷದಲ್ಲಿ 50 ಲಕ್ಷ ದಾಟಿತು. ಹೊಸ ಯೋಜನೆಯಲ್ಲಿ ಅನುದಾನದ ದರ ಒಂದರಿಂದ ಮೂರನೇ ತರಗತಿಯ ಮಗುವಿಗೆ ವರ್ಷಕ್ಕೆ 5,000 ಶಿಲಿಂಗ್, ನಾಲ್ಕರಿಂದ ಏಳಕ್ಕೆ 8,100 ಶಿಲಿಂಗ್. ಕೆಳ ತರಗತಿಗಳಲ್ಲಿ 240, ಮೇಲಿನವುಗಳಲ್ಲಿ 160 ಮಕ್ಕಳಿರುವ ಶಾಲೆಯೊಂದನ್ನು ಊಹಿಸಿಕೊಂಡರೆ, 12,00,000 ಮತ್ತು 12,96,000 ಸೇರಿ ವರ್ಷಕ್ಕೆ 24,96,000 ಶಿಲಿಂಗ್. ಮೂರು ಅವಧಿಗೆ ಸಮವಾಗಿ ಹಂಚಿದರೆ ಅವಧಿಗೆ 8,32,000. ಫಲಕದ ಮೇಲೆ ಇರಬೇಕಾದದ್ದು ಈ ಲೆಕ್ಕ. ಬರೀ ‘ಬಂದದ್ದು 5,10,000’ ಎಂದು ಬರೆದ ಫಲಕ ಪಾರದರ್ಶಕವೇ, ಆದರೆ ಓದಿದವನಿಗೆ ಅದು ಹೆಚ್ಚೋ ಕಡಿಮೆಯೋ ತಿಳಿಯದು. ಬರಬೇಕಾದದ್ದು, ಬಂದದ್ದು, ಬಂದ ದಿನಾಂಕ, ಖರ್ಚಾದದ್ದು ಎಂಬ ನಾಲ್ಕು ಕಾಲಂಗಳಿಲ್ಲದ ಫಲಕ ಗೋಡೆಗೆ ಅಲಂಕಾರವಷ್ಟೇ. ಅಕ್ಷರ ಬಾರದ ಪೋಷಕರಿರುವ ಕಡೆ ಸಂಘದ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ ಹೇಳುವುದೂ ಬೇಕು.

80ರಿಂದ 20ಕ್ಕೆ, ಮತ್ತು ಅದರ ಮೇಲಿನ ತಕರಾರು

2001ರ ಹೊತ್ತಿಗೆ ಚಿತ್ರ ತಿರುಗಿತ್ತು. ಶೇ 13 ಎಂಬುದು ಐದು ವರ್ಷಗಳ ಸರಾಸರಿ; ಅವುಗಳಲ್ಲಿ ಕೊನೆಯದಾದ 1995ರಲ್ಲಿ ಅನುದಾನದ ಸುಮಾರು ಶೇ 80 ದಾರಿಯಲ್ಲೇ ಉಳಿಯುತ್ತಿದ್ದರೆ, 2001ರಲ್ಲಿ ಹಾಗೆ ಉಳಿದದ್ದು ಶೇ 20ಕ್ಕಿಂತ ಕಡಿಮೆ. ಇದು ಪತ್ರಿಕೆಯಿಂದಲೇ ಆದದ್ದೆಂದು ತೋರಿಸಲು ರೈನಿಕ್ಕಾ ಮತ್ತು ಸ್ವೆನ್ಸನ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಾಣ ಅಳತೆಗೋಲೊಂದನ್ನು ಬಳಸಿದರು: ಶಾಲೆಯಿಂದ ಪತ್ರಿಕೆ ಮಾರುವ ಹತ್ತಿರದ ಅಂಗಡಿಗಿರುವ ದೂರ. ಅಂಗಡಿ ಹತ್ತಿರವಿದ್ದ ಶಾಲೆಯ ಮುಖ್ಯ ಶಿಕ್ಷಕರಿಗೆ ಅನುದಾನದ ನಿಯಮ ಮತ್ತು ಬಿಡುಗಡೆಯ ಸಮಯ ಹೆಚ್ಚು ಚೆನ್ನಾಗಿ ಗೊತ್ತಿತ್ತು, ಅವರ ಶಾಲೆಗೆ ಹೆಚ್ಚು ಹಣ ತಲುಪಿತ್ತು. ಪ್ರಚಾರ ಶುರುವಾಗುವ ಮೊದಲು ಈ ದೂರಕ್ಕೂ ಹಣಕ್ಕೂ ಅಂಥ ನಂಟಿರಲಿಲ್ಲ.

ಇದು ಅಭಿವೃದ್ಧಿ ವಲಯದಲ್ಲಿ ದಂತಕಥೆಯಂತಾಯಿತು. ಅಂಕಿ ಅಚ್ಚು ಹಾಕಿಸಿ, ಭ್ರಷ್ಟಾಚಾರ ತಾನಾಗಿ ಇಳಿಯುತ್ತದೆ ಎಂಬಷ್ಟು ಸರಳವಾಗಿ ಅದನ್ನು ಹೇಳತೊಡಗಿದರು. 2007ರಲ್ಲಿ ಸಂಶೋಧಕ ಪಾಲ್ ಹಬ್ಬರ್ಡ್ ಇದಕ್ಕೆ ತಕರಾರು ತೆಗೆದರು. ಅದೇ ವರ್ಷಗಳಲ್ಲಿ ಅನುದಾನ ಇದೇ ಉದ್ದೇಶಕ್ಕೆ ಎಂದು ಷರತ್ತು ಬಿಗಿದುಕೊಂಡಿತು, ದಾನಿ ದೇಶಗಳ ನೆರವಿನ ರೀತಿ ಬದಲಾಯಿತು, ಹಣಕಾಸು ಆಡಳಿತದ ಸುಧಾರಣೆ ನಡೆಯಿತು. 1998ರಲ್ಲಿ ಸಾಲ ಮನ್ನಾದಿಂದ ಉಳಿದ ಹಣವನ್ನು ಬಡತನ ನಿವಾರಣಾ ನಿಧಿಯೆಂದು ಬೇರೆಯಾಗಿಟ್ಟು ಮೇಲ್ವಿಚಾರಣೆಗೆ ಒಳಪಡಿಸಲಾಯಿತು. ಪತ್ರಿಕೆಯನ್ನು ಇವುಗಳಿಂದ ಬಿಡಿಸಿ ತೂಗಲಾಗದು ಎಂಬುದು ಅವರ ವಾದ.

ಅವರ ಇನ್ನೊಂದು ಮಾತು ಬರೀ ಅಂಕಗಣಿತ, ಆದರೆ ಬಹಳ ಮಂದಿ ಅದನ್ನು ದಾಟಿಹೋಗುತ್ತಾರೆ. ಈ ಅವಧಿಯಲ್ಲಿ ಅನುದಾನದ ಒಟ್ಟು ಮೊತ್ತವೂ ಭಾರಿ ಬೆಳೆದಿತ್ತು. ಉದಾಹರಣೆಗೆ, 100 ಇದ್ದಾಗ ಶೇ 80 ಸೋರಿದರೆ ಹೋದದ್ದು 80. ಮೊತ್ತ 400 ಆಗಿ ಶೇ 20 ಸೋರಿದರೂ ಹೋದದ್ದು 80. ಪಾಲು ಕುಸಿದಂತೆ ಕಂಡರೂ ನಡುವಿನವರ ಜೇಬಿಗೆ ಬೀಳುವ ದುಡ್ಡು ಅದರಷ್ಟೇ ರಭಸದಲ್ಲಿ ಇಳಿದಿರಬೇಕೆಂದಿಲ್ಲ. ಶಾಲೆಯ ದೃಷ್ಟಿಯಿಂದ ಇದು ನಿಜಕ್ಕೂ ಲಾಭ: 20ರ ಬದಲು 320 ಬಂತು. ಆದರೆ ‘ಭ್ರಷ್ಟಾಚಾರ ಇಳಿಯಿತು’ ಎನ್ನುವುದು ಬೇರೆಯೇ ಹೇಳಿಕೆ. ಮೊದಲನೆಯದು ಸಾಬೀತಾಗಿದೆ, ಎರಡನೆಯದನ್ನು ಹೇಳುವಾಗ ಪಾಲಿನ ಜೊತೆ ಮೊತ್ತವನ್ನೂ ಮುಂದಿಡಬೇಕು.

ಎರಡು ವಾದಗಳಲ್ಲಿ ಒಂದನ್ನೇ ಆರಿಸಬೇಕಾಗಿಲ್ಲ. ಶುಲ್ಕ ನಿಂತ ಮೇಲೆ ಅನುದಾನವೇ ಶಾಲೆಯ ಮುಖ್ಯ ಆದಾಯವಾಯಿತು. ಮೊದಲು ಪೋಷಕರ ದುಡ್ಡಿನಲ್ಲಿ ನಡೆದು ಹೋಗುತ್ತಿದ್ದ ಮುಖ್ಯ ಶಿಕ್ಷಕ ಈಗ ಜಿಲ್ಲೆಯ ಬೆನ್ನು ಬೀಳದೆ ವಿಧಿಯಿರಲಿಲ್ಲ. ಕೇಳುವ ಅಗತ್ಯ ಶುಲ್ಕ ರದ್ದತಿಯಿಂದ ಬಂತು, ಕೇಳಲು ಬೇಕಾದ ಅಂಕಿ ಪತ್ರಿಕೆಯಿಂದ ಬಂತು, ಕೇಳಿದ್ದನ್ನು ತಾಳೆ ನೋಡಲು ಬ್ಯಾಂಕ್ ಖಾತೆ ಬಂತು.

ಜಾಂಬಿಯಾದಲ್ಲಿ ನಂತರ ನಡೆದ ಇಂಥದೇ ಸಮೀಕ್ಷೆ ಇದಕ್ಕೆ ಒಳ್ಳೆಯ ಜೋಡಿ. ಅಲ್ಲಿ ಪ್ರತಿ ಶಾಲೆಗೂ ನಿಗದಿತ ಮೊತ್ತವೆಂದು ಗೊತ್ತು ಮಾಡಿ ಕೊಟ್ಟ ಅನುದಾನದಲ್ಲಿ ಶೇ 90ಕ್ಕೂ ಹೆಚ್ಚು ತಲುಪಿತು. ಅದೇ ದೇಶದಲ್ಲಿ, ಅದೇ ಆಡಳಿತದ ಕೈಯಿಂದ, ಅಧಿಕಾರಿಗಳ ವಿವೇಚನೆಗೆ ಬಿಟ್ಟ ಹಣ ಬಹುತೇಕ ಶಾಲೆಗಳನ್ನು ಮುಟ್ಟಲೇ ಇಲ್ಲ. ಸಮವಾಗಿ ಹಂಚುವ ಅನುದಾನ ದೊಡ್ಡ ಶಾಲೆಗೆ ಅನ್ಯಾಯ ಎನ್ನಬಹುದು. ಆದರೆ ‘ನಮಗೆಷ್ಟು ಬರಬೇಕು’ ಎಂಬುದಕ್ಕೆ ಒಂದೇ ಸಂಖ್ಯೆಯ ಉತ್ತರವಿದ್ದಾಗ ನಡುವೆ ಕೈ ಹಾಕುವುದು ಕಷ್ಟ. ಸೂತ್ರದಲ್ಲಿ ಸೇರಿಸುವ ಒಂದೊಂದು ನ್ಯಾಯವಾದ ಅಂಶವೂ, ಉದಾಹರಣೆಗೆ ದೂರ, ಬಡತನ, ಕಟ್ಟಡದ ಸ್ಥಿತಿ, ಪಡೆಯುವವನು ತನ್ನ ಪಾಲನ್ನು ತಾನೇ ಲೆಕ್ಕ ಹಾಕಿಕೊಳ್ಳುವ ಶಕ್ತಿಯನ್ನು ಅಷ್ಟಷ್ಟೇ ಕುಗ್ಗಿಸುತ್ತದೆ.

ಒಂದು ಕಡೆ ಮುಚ್ಚಿದರೆ

ಅನುದಾನ ತಲೆ ಎಣಿಕೆಯ ಮೇಲೆ ನಿಂತ ಕೂಡಲೇ ತಲೆಗಳು ಹೆಚ್ಚತೊಡಗಿದವು. ಮೇಲಿನ ಉದಾಹರಣೆಯ ಶಾಲೆ ಕೆಳ ತರಗತಿಗಳಲ್ಲಿ 60 ಬೋಗಸ್ ಹೆಸರು ಬರೆದರೆ ವರ್ಷಕ್ಕೆ 3,00,000 ಶಿಲಿಂಗ್ ಹೆಚ್ಚು ಬರುತ್ತದೆ. ಇದನ್ನು ಪತ್ರಿಕೆ ಹಿಡಿಯಲಾರದು, ಏಕೆಂದರೆ ಕೊಟ್ಟದ್ದೂ ಬಂದದ್ದೂ ಕಾಸು ತಪ್ಪದೆ ತಾಳೆಯಾಗುತ್ತವೆ. ಹಿಡಿಯಬೇಕಾದರೆ ಹೇಳದೆ ಕೇಳದೆ ಶಾಲೆಗೆ ಹೋಗಿ ಮಕ್ಕಳನ್ನು ಎಣಿಸಬೇಕು, ಹಾಜರಿ ಪುಸ್ತಕದ ಹೆಸರಿಗೆ ಮುಖ ಹೊಂದಿಸಬೇಕು. ಅಲ್ಲಿ ಪೋಷಕರ ಆಸಕ್ತಿಯೂ ಶಾಲೆಯ ಕಡೆಗೇ ವಾಲಿರುತ್ತದೆ. ಹೆಚ್ಚುವರಿ ಹಣ ತಮ್ಮ ಮಕ್ಕಳ ಶಾಲೆಗೇ ಬರುವಾಗ ದೂರು ಕೊಡುವವರು ಯಾರು? ಸ್ವಂತ ದುಡ್ಡು ಕೊಡುತ್ತಿದ್ದಾಗ ಇದ್ದ ಲೆಕ್ಕ ಕೇಳುವ ಅಭ್ಯಾಸವೂ, ದುಡ್ಡು ದೂರದ ಖಜಾನೆಯಿಂದ ಬರತೊಡಗಿದ ಮೇಲೆ ಮೊದಲಿನ ಬಿಗಿಯಲ್ಲಿ ಉಳಿಯುವುದು ಕಷ್ಟ.

ಇನ್ನು ಸಂಬಳ. ಮೊದಲಿಂದಲೂ ಕಡಿಮೆ ಸೋರುತ್ತಿದ್ದ ಬಾಬ್ತು ಇದು, ಬಜೆಟ್ಟಿನಲ್ಲಿ ಅನುದಾನಕ್ಕಿಂತ ದೊಡ್ಡದು. 2002–03ರಲ್ಲಿ ಹಲವು ದೇಶಗಳಲ್ಲಿ ಮುನ್ಸೂಚನೆಯಿಲ್ಲದೆ ಶಾಲೆಗಳಿಗೆ ಭೇಟಿ ಕೊಟ್ಟು ಎಣಿಸಿದಾಗ ಉಗಾಂಡದ ಪ್ರಾಥಮಿಕ ಶಾಲೆಗಳಲ್ಲಿ ಶೇ 27ರಷ್ಟು ಶಿಕ್ಷಕರು ಅಂದು ಶಾಲೆಯಲ್ಲಿರಲಿಲ್ಲ. ಅವರ ಸಂಬಳ ಖಜಾನೆಯಿಂದ ಹೊರಟಿತ್ತು, ಸರಿಯಾದ ಹೆಸರಿಗೆ ಹೋಗಿತ್ತು, ಪಡೆದವರು ಸಹಿ ಹಾಕಿದ್ದರು.